ಅಡುಗೆಮನೆ ಪ್ರಶ್ನೋತ್ತರ: ಗುಜ್ಜೆ ಬರ್ಗರ್ ಕಾವಲಿಯಲ್ಲಿ ಒಡೆಯುವುದೇಕೆ?

ಗುಜ್ಜೆ (ಎಳೆಯ ಹಲಸಿನಕಾಯಿ) ಮತ್ತು ಕಡಲೆ ಸೇರಿಸಿ ಮನೆಯಲ್ಲಿಯೇ ಮಾಡಬಹುದಾದ ಮಾಂಸವಿಲ್ಲದ ಬರ್ಗರಿನ ವಿಧಾನವನ್ನು ಈ ಅಂಕಣದಲ್ಲಿ ಕೊಟ್ಟ ಬಳಿಕ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಓದುಗರಿಂದ ಪತ್ರಗಳು ಬರುತ್ತಲೇ ಇವೆ. ಮಾಡಿ ನೋಡಿದವರೇ ಬರೆದಿರುವುದರಿಂದ ಹೆಚ್ಚಿನ ಪ್ರಶ್ನೆಗಳು ಒಲೆಯ ಮುಂದೆ ನಿಂತಾಗ ಎದುರಾದ ತೊಡಕುಗಳನ್ನೇ ಕುರಿತಾಗಿವೆ. ಆ ಸಂಚಿಕೆ ಸಿಗದವರಿಗಾಗಿ ವಿಧಾನವನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ.

ಸಿಪ್ಪೆ ಮತ್ತು ನಡುವಿನ ಗೂಂಜು ತೆಗೆದ ಎಳೆಯ ಗುಜ್ಜೆ 300 ಗ್ರಾಂ, ರಾತ್ರಿಯಿಡೀ ನೆನೆಹಾಕಿ ಬೇಯಿಸಿದ ಕಪ್ಪು ಕಡಲೆ (ಒಣಗಿದ್ದಾಗ 150 ಗ್ರಾಂ), ಒಂದು ದೊಡ್ಡ ನೀರುಳ್ಳಿ, ಒಂದು ತುಂಡು ಶುಂಠಿ, ಎರಡು ಹಸಿಮೆಣಸು, ಒಂದು ಚಮಚ ಕೊತ್ತಂಬರಿ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಹುರಿದು ಪುಡಿ ಮಾಡಿದ ಅವಲಕ್ಕಿ ಅರ್ಧ ಕಪ್, ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಮತ್ತು ರುಚಿಗೆ ಉಪ್ಪು. ಗುಜ್ಜೆಯನ್ನು ಬೇಯಿಸಿ, ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ, ಹಿಂಡಿ, ಜಜ್ಜಿದ ಕಡಲೆ ಮತ್ತು ಹುರಿದ ಮಸಾಲೆಯೊಂದಿಗೆ ಸೇರಿಸಿ, ಒಂದೊಂದು 100 ಗ್ರಾಂ ತೂಗುವ ಆರು ಪ್ಯಾಟಿಗಳನ್ನು ತಟ್ಟಿ ಕಾವಲಿಯಲ್ಲಿ ಎರಡೂ ಬದಿ ಕೆಂಪಗಾಗುವಂತೆ ಬೇಯಿಸಿ ಬನ್ನಿನ ನಡುವೆ ಇಟ್ಟರೆ ಬರ್ಗರ್ ಸಿದ್ಧ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನೀವು ಹೇಳಿದ ಅಳತೆಯಲ್ಲಿಯೇ ಮಾಡಿದೆ. ಕಡಲೆ ನುಣ್ಣಗಾಗಲಿ ಎಂದು ಸ್ವಲ್ಪ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿದ್ದೆ. ಕಾವಲಿಯಲ್ಲಿ ಮಗುಚಿ ಹಾಕುವಾಗ ಪ್ಯಾಟಿ ಎರಡು ಹೋಳಾಯಿತು, ಒಳಗೆ ಮುದ್ದೆಯಂತೆ ಮೆತ್ತಗಿತ್ತು. ಮರುದಿನ ಬ್ರೆಡ್ ಪುಡಿಯನ್ನು ಹೆಚ್ಚಾಗಿ ಸೇರಿಸಿದಾಗ ಒಡೆಯಲಿಲ್ಲ, ಆದರೆ ಬಾಯಿಗೆ ಹಿಟ್ಟು ಹಿಟ್ಟಾಗಿ ಸಿಕ್ಕಿತು. ಏನು ಮಾಡಬೇಕು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಬಂದಿರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇದೇ ದೂರನ್ನು ಹೇಳುವುದರಿಂದ ಇದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಕೊಚ್ಚಿದ ಮಾಂಸಕ್ಕೆ ಉಪ್ಪು ಹಾಕಿ ನಾದಿದಾಗ ಅದರ ಪ್ರೋಟೀನು ತಾನಾಗಿಯೇ ಅಂಟಂಟಾಗುತ್ತದೆ, ಬಿಸಿ ತಾಗಿದಾಗ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆದುದರಿಂದ ಮಾಂಸದ ಬರ್ಗರಿಗೆ ಬೇರೆ ಅಂಟು ಬೇಕೆಂದಿಲ್ಲ. ತರಕಾರಿಗೆ ಈ ಗುಣವಿಲ್ಲ. ಗುಜ್ಜೆಯಲ್ಲಿರುವುದು ನಾರು ಮತ್ತು ನೀರು. ಅದನ್ನು ಹಿಡಿದಿಡುವ ಕೆಲಸವನ್ನು ಕಡಲೆಯ ಮತ್ತು ಅವಲಕ್ಕಿಯ ಪಿಷ್ಟವೇ ಮಾಡಬೇಕು. ಪಿಷ್ಟವು ಸ್ವಲ್ಪ ತೇವವನ್ನು ಹೀರಿ, ಬಿಸಿಯಲ್ಲಿ ಉಬ್ಬಿ, ಅಂಟಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಆದರೆ ನೀರು ಅಗತ್ಯಕ್ಕಿಂತ ಹೆಚ್ಚಾದರೆ ಆ ಅಂಟು ತೆಳುವಾಗಿ ಹಿಡಿತ ಕಳೆದುಕೊಳ್ಳುತ್ತದೆ, ಉಳಿದ ನೀರು ಆವಿಯಾಗಿ ಹೊರಬರಲು ಪ್ಯಾಟಿಯನ್ನು ಒಳಗಿನಿಂದಲೇ ಸೀಳುತ್ತದೆ. ಮೇಲ್ಮೈಯಲ್ಲಿ ನೀರು ಇರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿಯ ಮೇಲೆ ಏರುವುದೂ ಇಲ್ಲ. ಚೆನ್ನಾಗಿ ಕೆಂಪಗಾಗಿ ಪರಿಮಳ ಬರಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ತಮ್ಮ ಪ್ಯಾಟಿ ಮೇಲೆ ಬಣ್ಣ ಹಿಡಿಯದೆ, ಒಳಗೆ ಮೆತ್ತಗಾಗಿ, ಮಗುಚುವಾಗ ಒಡೆದುದಕ್ಕೆ ಕಾರಣ ಒಂದೇ, ಮಿಶ್ರಣದಲ್ಲಿ ಉಳಿದ ನೀರು.

ಬ್ರೆಡ್ ಪುಡಿ ಸುರಿಯುವುದು ಇದಕ್ಕೆ ಪರಿಹಾರವಲ್ಲ. ನೀರಿರುವ ಮಿಶ್ರಣಕ್ಕೆ ಎಷ್ಟು ಪುಡಿ ಹಾಕಿದರೂ ಅದು ಆ ನೀರನ್ನೆಲ್ಲ ಕುಡಿದು ಹಿಟ್ಟಿನ ಮುದ್ದೆಯಾಗುತ್ತದೆ, ಗುಜ್ಜೆಯ ರುಚಿ ಅದರಲ್ಲಿ ಹೂತುಹೋಗುತ್ತದೆ. ನೀರನ್ನು ಮೊದಲು ತೆಗೆಯಬೇಕು, ಹಿಡಿತಕ್ಕೆ ಬೇಕಾದುದನ್ನು ಬಳಿಕ ಸೇರಿಸಬೇಕು. ಈ ಕ್ರಮ ತಪ್ಪಿದರೆ ಯಾವ ಅಳತೆಯೂ ಕೈಹಿಡಿಯುವುದಿಲ್ಲ.

ಗುಜ್ಜೆಯನ್ನು ಚಿಟಿಕೆ ಅರಸಿನ ಮತ್ತು ಉಪ್ಪು ಸೇರಿಸಿ ಕುಕ್ಕರಿನಲ್ಲಿ ಒಂದೇ ಸೀಟಿ ಬರುವವರೆಗೆ ಬೇಯಿಸಿರಿ. ಹೆಚ್ಚು ಬೆಂದರೆ ನಾರು ಕರಗಿ ಹಿಟ್ಟಾಗುತ್ತದೆ. ಹೆಚ್ಚುವಾಗ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುವುದನ್ನು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೆಂದುದನ್ನು ಬಸಿದು, ಆರಿದ ಮೇಲೆ ಬೆರಳುಗಳಿಂದ ಬಿಡಿಸಿ, ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಕಟ್ಟಿ ತಿರುಚಿ ಹಿಂಡಿರಿ. ಬಟ್ಟೆಯಿಂದ ತೊಟ್ಟಿಕ್ಕುವುದು ನಿಂತರೂ ಒಳಗೆ ತೇವ ಉಳಿದಿರುತ್ತದೆ. ಆದುದರಿಂದ ಬಾಣಲೆಯಲ್ಲಿ ಎಣ್ಣೆ ಹಾಕದೆ ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತ ಹುರಿಯಬೇಕು. ಮೊದಲು ಹಬೆ ದಟ್ಟವಾಗಿ ಏಳುತ್ತದೆ, ಆಮೇಲೆ ತೆಳುವಾಗುತ್ತದೆ, ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ತುದಿಯಲ್ಲಿ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗತೊಡಗುತ್ತವೆ. ಅಲ್ಲಿಗೆ ಇಳಿಸಬಹುದು. ನೀರುಳ್ಳಿಯ ತೂಕದಲ್ಲಿ 10ರಲ್ಲಿ 9 ಪಾಲು ನೀರೇ ಆಗಿರುವುದರಿಂದ ಅದನ್ನು ಹಸಿಯಾಗಿ ಸೇರಿಸಲೇಬಾರದು. ಸಣ್ಣಗೆ ಹೆಚ್ಚಿ ಕೆಂಪಗೆ ಹುರಿದೇ ಸೇರಿಸಬೇಕು.

ಕಡಲೆಗೆ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಬಾರದು. ಬೆಂದ ಕಡಲೆಯನ್ನು ಚೆನ್ನಾಗಿ ಬಸಿದು, ಒಣ ಬಟ್ಟೆಯ ಮೇಲೆ ಹರಡಿ ಸ್ವಲ್ಪ ಹೊತ್ತು ಆರಲು ಬಿಟ್ಟು, ಆಮೇಲೆ ಜಜ್ಜಬೇಕು. ಕಾಲುಭಾಗ ನುಣ್ಣಗಾಗಿ, ಉಳಿದುದು ಒಡೆದ ಕಾಳಿನಂತೆ ಇರಲಿ. ನುಣ್ಣಗಿನ ಭಾಗ ಅಂಟಾಗುತ್ತದೆ, ಒಡೆದ ಕಾಳು ಹಲ್ಲಿಗೆ ಸಿಗುತ್ತದೆ. ಬಸಿದ ನೀರನ್ನು ಚೆಲ್ಲದೆ ಮಧ್ಯಾಹ್ನದ ಸಾರಿಗೆ ಬಳಸಿಕೊಳ್ಳಿರಿ.

ಎಲ್ಲವನ್ನೂ ಸೇರಿಸಿದ ಮೇಲೆ ಒಂದು ಹಿಡಿ ಮಿಶ್ರಣವನ್ನು ಅಂಗೈಯಲ್ಲಿ ಉಂಡೆ ಮಾಡಿ ಮೆಲ್ಲನೆ ಒತ್ತಿ ನೋಡಿರಿ. ಅಂಚು ಬಿರುಕು ಬಿಟ್ಟರೆ ಒಂದೆರಡು ಚಮಚ ಕಡಲೆಯ ನೀರು ಬೇಕು. ಅಂಗೈ ಒದ್ದೆಯಾಗಿ ಹೊಳೆದರೆ ಇನ್ನೂ ಒಂದು ಚಮಚ ಅವಲಕ್ಕಿ ಪುಡಿ ಬೇಕು. ಅಂಚು ನಯವಾಗಿ ನಿಂತು, ಕೈಗೆ ತೆಳುವಾಗಿ ಮಾತ್ರ ಅಂಟಿದರೆ ಹದ ಸರಿಯಾಗಿದೆ ಎಂದು ತಿಳಿಯಬಹುದು. ಪ್ಯಾಟಿಗಳನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ, ಬನ್ನಿನಷ್ಟೇ ಅಗಲಕ್ಕೆ ತಟ್ಟಿರಿ. ಮಾಂಸದ ಪ್ಯಾಟಿ ಬೇಯುವಾಗ ಕುಗ್ಗುತ್ತದೆಂದು ಅದನ್ನು ಬನ್ನಿಗಿಂತ ದೊಡ್ಡದಾಗಿ ತಟ್ಟುತ್ತಾರೆ. ತರಕಾರಿಯ ಪ್ಯಾಟಿ ಅಷ್ಟಾಗಿ ಕುಗ್ಗುವುದಿಲ್ಲ. ತಟ್ಟಿದ ಬಳಿಕ ಫ್ರಿಡ್ಜಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಡುವುದನ್ನು ದಯವಿಟ್ಟು ಬಿಡಬೇಡಿರಿ. ಅವಲಕ್ಕಿ ತೇವವನ್ನು ಸಮವಾಗಿ ಹೀರಿಕೊಳ್ಳಲು ಆ ಸಮಯ ಬೇಕೇ ಬೇಕು.

ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕಿ, ಪ್ಯಾಟಿ ಇಟ್ಟು, ಉರಿಯನ್ನು ಮಧ್ಯಮಕ್ಕೆ ಇಳಿಸಿ, ನಾಲ್ಕೈದು ನಿಮಿಷ ಅದನ್ನು ಮುಟ್ಟದೆ ಬಿಡಿರಿ. ಕೆಳಗಿನ ಪದರು ಗಟ್ಟಿಯಾದಾಗ ಅದು ತಾನಾಗಿಯೇ ಕಾವಲಿಯನ್ನು ಬಿಟ್ಟುಕೊಡುತ್ತದೆ. ಸಟ್ಟುಗವನ್ನು ಅಂಚಿಗೆ ಹಾಕಿದಾಗ ಅಂಟಿಕೊಂಡಿದೆ ಎನಿಸಿದರೆ ಇನ್ನೂ ಸಮಯವಾಗಿಲ್ಲವೆಂದು ಅರ್ಥ. ಬೇಯುವಾಗ ಸಟ್ಟುಗದಿಂದ ಒತ್ತಬಾರದು.

ಇಷ್ಟು ಒಣಗಿಸಿದರೆ ತಿನ್ನುವಾಗ ಗಂಟಲು ಒಣಗುವುದಿಲ್ಲವೇ ಎಂಬ ಸಂದೇಹ ಬರಬಹುದು. ಅದಕ್ಕಾಗಿಯೇ ತೆಂಗಿನೆಣ್ಣೆ ಇರುವುದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಉಳಿದ ಕಾಲದಲ್ಲಿ ಎರಡು ದೊಡ್ಡ ಚಮಚ ಎಣ್ಣೆಯನ್ನು ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಚಮಚದಿಂದ ಕೆರೆದು, ಮಿಶ್ರಣ ಪೂರ್ತಿ ತಣ್ಣಗಾದ ಮೇಲೆ ಕೊನೆಯದಾಗಿ ಸೇರಿಸಿರಿ. ಕಾವಲಿಯ ಬಿಸಿಗೆ ಆ ಚೂರುಗಳು ಕರಗಿ ಪ್ಯಾಟಿಯ ಒಳಗೆ ಅಲ್ಲಲ್ಲಿ ಜಿಡ್ಡಿನ ಪಸೆಯನ್ನು ಉಳಿಸುತ್ತವೆ. ವಿದೇಶದ ದೊಡ್ಡ ಕಂಪೆನಿಗಳು ಸಸ್ಯಜನ್ಯ ಬರ್ಗರಿಗೆ ಮಾಂಸದ ಕೊಬ್ಬಿನ ಬದಲು ತೆಂಗಿನೆಣ್ಣೆಯನ್ನು ಬಳಸುವುದೂ ಇದೇ ಕಾರಣಕ್ಕೆ. ನಮ್ಮ ಹಿತ್ತಿಲಿನ ತೆಂಗಿನಿಂದ ಬಂದ ಎಣ್ಣೆಯನ್ನು ಬಿಟ್ಟು ಬೇರೆ ಎಣ್ಣೆ ತಂದು ಇದಕ್ಕೆ ಹಾಕುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ನಮ್ಮದು ನೀರುಳ್ಳಿ, ಬೆಳ್ಳುಳ್ಳಿ ಬಳಸದ ಮನೆ. ಅವನ್ನು ಬಿಟ್ಟು ಮಾಡಿದಾಗ ಬರ್ಗರ್ ಸಪ್ಪೆಯಾಯಿತೆಂದು ಮಕ್ಕಳು ಅರ್ಧಕ್ಕೆ ಬಿಟ್ಟರು. ಬೇರೆ ದಾರಿ ಇದೆಯೇ?
— ಗೃಹಿಣಿಯೊಬ್ಬರು, ನೀರ್ಚಾಲು

ಉತ್ತರ: ಖಂಡಿತ ಇದೆ. ನೀರುಳ್ಳಿಯಿಂದ ಬರ್ಗರಿಗೆ ಸಿಗುವುದು ಮುಖ್ಯವಾಗಿ ಹುರಿದ ಸಿಹಿ ಮತ್ತು ಕಂದು ಬಣ್ಣದ ಪರಿಮಳ. ಅದನ್ನು ನಿಮ್ಮ ಅಡುಗೆಯಲ್ಲಿ ಈಗಾಗಲೇ ಇರುವ ಹುರಿದ ಮಸಾಲೆಯಿಂದ ಪಡೆಯಬಹುದು. ಎರಡು ಚಮಚ ಕೊತ್ತಂಬರಿ, ಒಂದು ಚಮಚ ಉದ್ದಿನಬೇಳೆ, ಕಾಲು ಚಮಚ ಜೀರಿಗೆ, ನಾಲ್ಕು ಕಾಳು ಮೆಂತೆ ಮತ್ತು ಎರಡು ಒಣಮೆಣಸನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಕೊನೆಯಲ್ಲಿ ಇಂಗು ಸೇರಿಸಿ, ನೀರು ಸೋಕಿಸದೆ ಪುಡಿ ಮಾಡಿ ಮಿಶ್ರಣಕ್ಕೆ ಹಾಕಿರಿ. ಮೇಲಿನ ವಿಧಾನದ ಕೊತ್ತಂಬರಿ ಪುಡಿಯನ್ನು ಆಗ ಬಿಡಬೇಕು. ಎರಡು ಹಣ್ಣಾದ ಟೊಮೆಟೊಗಳನ್ನು ಹೆಚ್ಚಿ, ನೀರೆಲ್ಲ ಆರಿ ಗಟ್ಟಿ ಗೊಜ್ಜಾಗಿ ಬಣ್ಣ ತಿರುಗುವವರೆಗೆ ಬಾಡಿಸಿ ಸೇರಿಸಿದರೆ ಸಪ್ಪೆಯೆಂಬ ದೂರು ಬರುವುದಿಲ್ಲ. ಹಣ್ಣು ಟೊಮೆಟೊದಲ್ಲಿ ಗ್ಲುಟಮೇಟ್ ಎಂಬ ರುಚಿಕಾರಕ ಸಹಜವಾಗಿಯೇ ಇದೆ, ನೀರು ಆರಿದಷ್ಟೂ ಅದು ಗಾಢವಾಗುತ್ತದೆ. ಹಸಿ ತೆಂಗಿನ ತುರಿಯನ್ನು ಕೆಂಪಗೆ ಹುರಿದು ಒಂದು ಹಿಡಿ ಸೇರಿಸುವುದೂ ಒಳ್ಳೆಯದು. ಹುರಿಯದೆ ಮಾತ್ರ ಹಾಕಬೇಡಿರಿ, ಅದರ ಹಾಲು ಮತ್ತೆ ಮಿಶ್ರಣವನ್ನು ತೇವ ಮಾಡುತ್ತದೆ.

ಪ್ರಶ್ನೆ: ಗುಜ್ಜೆ ಸಿಗುವುದು ಬೇಸಿಗೆಗೆ ಮೊದಲಿನ ಕೆಲವು ತಿಂಗಳು ಮಾತ್ರ. ಮಳೆಗಾಲದಲ್ಲಿ ಏನು ಮಾಡಬಹುದು? ನಮ್ಮಲ್ಲಿ ಭರಣಿಯಲ್ಲಿ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಇದೆ, ಹಲಸಿನ ಬೀಜವೂ ಬೇಕಾದಷ್ಟಿದೆ.
— ಶಿಕ್ಷಕಿಯೊಬ್ಬರು, ಮುಳ್ಳೇರಿಯ

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದು. 2018ರ ಮಾರ್ಚ್ 21ರಂದು ಕೇರಳ ಸರಕಾರವು ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಬಳಿಕವೂ ಮರದಡಿಯಲ್ಲಿ ಬಿದ್ದು ಕೊಳೆಯುವ ಹಲಸನ್ನು ನಮ್ಮೂರಿನಲ್ಲಿ ಕಾಣುತ್ತಲೇ ಇದ್ದೇವೆ. ಮಕ್ಕಳು ಇಷ್ಟಪಟ್ಟು ತಿನ್ನುವ ತಿಂಡಿಯೊಳಗೆ ಅದು ಸೇರಿಕೊಂಡರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ.

ಉಪ್ಪುಸೊಳೆಯಿಂದ ಬರ್ಗರ್ ಆಗುತ್ತದೆಯೇ ಎಂಬ ಸಂದೇಹವೇ ಬೇಡ. ಅದೇ ಸೊಳೆಯನ್ನು ಹಿಂಡಿ, ಅಕ್ಕಿ ಮತ್ತು ತೆಂಗಿನಕಾಯಿಯೊಂದಿಗೆ ರುಬ್ಬಿ, ಸಣ್ಣ ಉಂಡೆಗಳಾಗಿ ಮಾಡಿ ಎಣ್ಣೆಯಲ್ಲಿ ಕರಿದು ಉಂಡ್ಲಕಾಳು ಮಾಡುವವರು ನಾವು. ಹಲಸಿನ ಸೊಳೆಯನ್ನು ಅಕ್ಕಿಯ ಪಿಷ್ಟ ಎಷ್ಟು ಭದ್ರವಾಗಿ ಹಿಡಿಯುತ್ತದೆಂಬುದಕ್ಕೆ ಆ ಉಂಡ್ಲಕಾಳೇ ಸಾಕ್ಷಿ. ಸೊಳೆಯನ್ನು ಎರಡು ಮೂರು ಬಾರಿ ತೊಳೆದು, ಹೊಸ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ನಡುವೆ ನೀರು ಬದಲಿಸಿ, ಒಂದು ಚೂರನ್ನು ಬಾಯಿಗೆ ಹಾಕಿ ಉಪ್ಪು ನೋಡಿರಿ. ಪಲ್ಯಕ್ಕೆ ಇರಬೇಕಾದಷ್ಟೇ ಉಪ್ಪು ಉಳಿದಾಗ ತೆಗೆದು, ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಹಿಂಡಿ, ಮೇಲೆ ಹೇಳಿದಂತೆ ಬಾಣಲೆಯಲ್ಲಿ ಹುರಿಯಿರಿ. ಮಿಶ್ರಣಕ್ಕೆ ಬೇರೆ ಉಪ್ಪು ಹಾಕುವ ಅಗತ್ಯವಿಲ್ಲ. ಗುಜ್ಜೆಯಷ್ಟು ನಾರು ಇದರಲ್ಲಿ ಇರುವುದಿಲ್ಲ, ಆದರೆ ಭರಣಿಯಲ್ಲಿ ಕುಳಿತ ಸೊಳೆಗೆ ಬರುವ ನಸುಹುಳಿ ಮಸಾಲೆಯೊಂದಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ರಕ್ತದೊತ್ತಡದವರು ಮನೆಯಲ್ಲಿದ್ದರೆ ಉಪ್ಪುಸೊಳೆಯ ಬದಲು ಬೀಜವನ್ನೇ ಆರಿಸಿಕೊಳ್ಳುವುದು ಲೇಸು.

ಹಲಸಿನ ಬೀಜವನ್ನು ನಾನು ಇನ್ನೂ ಒಂದು ಮೆಟ್ಟಿಲು ಮೇಲೆ ಇಡುತ್ತೇನೆ. ಕುಕ್ಕರಿನಲ್ಲಿ ಬೇಯಿಸಿ, ಬಿಳಿಯ ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಒರಟಾಗಿ ಪುಡಿಮಾಡಿದರೆ ಅದರಲ್ಲಿರುವ ಪಿಷ್ಟವೇ ಅಂಟಾಗಿ ಕೆಲಸ ಮಾಡುತ್ತದೆ. ಅವಲಕ್ಕಿ ಪುಡಿಯನ್ನು ಅರ್ಧಕ್ಕೆ ಇಳಿಸಬಹುದು. ಬೀಜವೊಂದರಿಂದಲೇ ಮಾಡಿದರೆ ಸ್ವಲ್ಪ ಭಾರವಾಗುತ್ತದೆ. ಆದುದರಿಂದ ಎರಡು ಪಾಲು ಬೀಜಕ್ಕೆ ಒಂದು ಪಾಲು ಬಾಳೆಹೂ ಸೇರಿಸಿರಿ. ಬಾಳೆಹೂವನ್ನು ಸಣ್ಣಗೆ ಹೆಚ್ಚಿ, ಮಜ್ಜಿಗೆ ನೀರಿನಲ್ಲಿ ನೆನೆಸಿ ಒಗರು ತೆಗೆದು, ಹಿಂಡಿ ಹುರಿದರೆ ಅದರ ಎಳೆಗಳು ಗುಜ್ಜೆಯ ಎಳೆಗಳ ಕೊರತೆಯನ್ನು ತುಂಬುತ್ತವೆ. ಸುವರ್ಣಗಡ್ಡೆಯಿಂದಲೂ ಮಾಡಬಹುದು, ಆದರೆ ತುರಿಕೆ ಹೋಗುವಂತೆ ಹುಣಸೆಹುಳಿಯೊಂದಿಗೆ ಪೂರ್ಣವಾಗಿ ಬೇಯಿಸಬೇಕು. ಬಾಳೆಕಾಯಿ, ಮರಗೆಣಸುಗಳೂ ನಡೆಯುತ್ತವೆ. ಮರಗೆಣಸನ್ನು ಬಳಸುವಾಗ ಸಿಪ್ಪೆ ತೆಗೆದು, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗ ರಜೆಯಲ್ಲಿ ಬಂದಾಗ, ಮಾಂಸದಂತೆಯೇ ಇರುವ ಬರ್ಗರ್ ಬೇಕೆನ್ನುತ್ತಾನೆ. ಸೋಯಾ ಚಂಕ್ಸ್ ಹಾಕಿ ಮಾಡಿದೆ, ಆದರೆ ಅದರ ವಾಸನೆ ಯಾರಿಗೂ ಹಿಡಿಸಲಿಲ್ಲ. ಅಂಗಡಿಯ ಬರ್ಗರಿನಂತೆ ಮನೆಯಲ್ಲಿ ಮಾಡಲು ಸಾಧ್ಯವೇ?
— ತಾಯಿಯೊಬ್ಬರು, ಮಂಜೇಶ್ವರ

ಉತ್ತರ: ಮೊದಲು ವಾಸನೆಯ ವಿಚಾರ. ಸೋಯಾ ಚಂಕ್ಸ್ ಎಂದರೆ ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಯಂತ್ರದಲ್ಲಿ ಒತ್ತಡ ಮತ್ತು ಬಿಸಿಯಿಂದ ಉಬ್ಬಿಸಿ ತೆಗೆದ ತುಂಡುಗಳು. ಒಣಗಿದ ಚಂಕ್ಸಿನಲ್ಲಿ 100 ಗ್ರಾಮಿಗೆ ಸುಮಾರು 50 ಗ್ರಾಂ ಪ್ರೋಟೀನ್ ಇದೆ. ಕುದಿಯುವ ನೀರಿಗೆ ಉಪ್ಪು ಹಾಕಿ, ಚಂಕ್ಸನ್ನು 10 ನಿಮಿಷ ನೆನೆಸಿ, ಹಿಂಡಿ, ತಣ್ಣೀರಿನಲ್ಲಿ ತೊಳೆದು ಮತ್ತೆ ಹಿಂಡಬೇಕು. ಹಿಂಡಿದ ನೀರು ತಿಳಿಯಾಗುವವರೆಗೆ ಇದನ್ನು ಮುಂದುವರಿಸಿದರೆ ವಾಸನೆ ಬಹುಪಾಲು ಹೋಗುತ್ತದೆ. ಬಳಿಕ ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ, ಶುಂಠಿ ಮತ್ತು ಕಾಳುಮೆಣಸಿನೊಂದಿಗೆ ಹುರಿದು, ಗುಜ್ಜೆಯ ಅರ್ಧ ಪಾಲಿಗೆ ಬದಲಾಗಿ ಹಾಕಿರಿ. ಸೋಯಾವನ್ನೇ ಪೂರ್ತಿ ಹಾಕಿದರೆ ಪ್ಯಾಟಿ ರಬ್ಬರಿನಂತೆ ಎಳೆಯುತ್ತದೆ.

ಇನ್ನು ಅಂಗಡಿಯ ಬರ್ಗರ್. ಕ್ಯಾಲಿಫೋರ್ನಿಯದ ಇಂಪಾಸಿಬಲ್ ಫುಡ್ಸ್ ಕಂಪೆನಿ 2016ರಲ್ಲಿ ತಂದ ಬರ್ಗರಿನಲ್ಲಿ ಮಾಂಸದ ರುಚಿ ಮತ್ತು ಕೆಂಪು ಬಣ್ಣಕ್ಕಾಗಿ ಸೋಯಾ ಗಿಡದ ಬೇರುಗಂಟಿನಲ್ಲಿರುವ ಲೆಗ್‌ಹಿಮೊಗ್ಲೋಬಿನ್ ಎಂಬ ಪ್ರೋಟೀನನ್ನು ಯೀಸ್ಟಿನ ಮೂಲಕ ತಯಾರಿಸಿ ಸೇರಿಸುತ್ತಾರೆ. ಇಂಥ ಬರ್ಗರುಗಳಲ್ಲಿ ಹಿಡಿತಕ್ಕಾಗಿ ಮೀಥೈಲ್ ಸೆಲ್ಯುಲೋಸ್ ಎಂಬ ವಸ್ತುವನ್ನು ಬಳಸುತ್ತಾರೆ. ಅದರ ವಿಶೇಷವೇನೆಂದರೆ ಬಿಸಿಯಾದಾಗ ಗಟ್ಟಿಯಾಗುತ್ತದೆ, ತಣಿದಾಗ ಮತ್ತೆ ಸಡಿಲವಾಗುತ್ತದೆ. ಇವೆರಡೂ ಮನೆಯ ಅಡುಗೆಗೆ ಬರುವ ವಸ್ತುಗಳಲ್ಲ. ಅವನ್ನು ಹುಡುಕಿ ತರುವ ಗೋಜಿಗೆ ಹೋಗಬಾರದೆಂದೇ ನನ್ನ ಸಲಹೆ. ಮಾಂಸವಿಲ್ಲದ ಬರ್ಗರ್ ಹುಟ್ಟಿದ್ದು ಮಾಂಸವನ್ನು ಹೀಗೆ ಕೂದಲೆಳೆಯಷ್ಟೂ ಬಿಡದೆ ಅನುಕರಿಸುವುದಕ್ಕೆ ಆಗಿರಲಿಲ್ಲ. 1982ರಲ್ಲಿ ಲಂಡನ್ನಿನಲ್ಲಿ ಗ್ರೆಗರಿ ಸ್ಯಾಮ್ಸ್ ಎಂಬವರು ವೆಜ್‌ಬರ್ಗರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಒಂದು ಒಣ ಮಿಶ್ರಣವನ್ನು. ಕೊಂಡವರು ಮನೆಯಲ್ಲಿ ಅದನ್ನು ಕಲಸಿ ತಟ್ಟಿಕೊಳ್ಳಬೇಕಾಗಿತ್ತು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದ ಬಳಿಕ ನಮ್ಮ ದೇಶದ ಮಕ್ಕಳಿಗೆ ಬರ್ಗರನ್ನು ಪರಿಚಯಿಸಿದ್ದು ಬಟಾಟೆಯ ಟಿಕ್ಕಿಯೇ. ಅದನ್ನು ತಿಂದವರು ಯಾರೂ ಮಾಂಸದ ರುಚಿಯನ್ನು ಅದರಲ್ಲಿ ಹುಡುಕಲಿಲ್ಲ. ಗುಜ್ಜೆಯ ಎಳೆ ತನ್ನಷ್ಟಕ್ಕೆ ಒಳ್ಳೆಯ ಕಚ್ಚು ಕೊಡುತ್ತದೆ. ತಮ್ಮ ಮಗನಿಗೆ ಒಮ್ಮೆ ಅದನ್ನು ಚೆನ್ನಾಗಿ ಕೆಂಪಗೆ ಬೇಯಿಸಿ ಬಿಸಿಯಾಗಿಯೇ ಕೊಟ್ಟು ನೋಡಿರಿ.

ಪ್ರಶ್ನೆ: ಕಡಲೆಯ ಬದಲು ರಾಜ್ಮಾ ಹಾಕಬಹುದೇ? ನೆನೆಸಿದ ರಾಜ್ಮಾವನ್ನು ಬೇಯಿಸದೆ ರುಬ್ಬಿ ಹಾಕಿದರೆ ಅಂಟು ಚೆನ್ನಾಗಿ ಬರುತ್ತದೆ ಎಂದು ಪರಿಚಯದವರು ಹೇಳಿದರು.
— ಓದುಗರೊಬ್ಬರು, ಕುಂಬಳೆ

ಉತ್ತರ: ರಾಜ್ಮಾ ಹಾಕಬಹುದು, ಬೇಯಿಸದೆ ಮಾತ್ರ ಯಾವ ಕಾರಣಕ್ಕೂ ಹಾಕಬಾರದು. ಹಸಿ ರಾಜ್ಮಾದಲ್ಲಿ ಫೈಟೊಹೆಮಗ್ಲುಟಿನಿನ್ ಎಂಬ ವಿಷಕಾರಿ ಅಂಶವಿದೆ. ಅದು ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ಕಾವಲಿಯಲ್ಲಿ ಎಂಟು ಹತ್ತು ನಿಮಿಷ ಬೇಯುವ ಪ್ಯಾಟಿಯ ನಡುಭಾಗಕ್ಕೆ ಅದನ್ನು ನಾಶ ಮಾಡುವಷ್ಟು ಬಿಸಿ ತಲಪುವುದಿಲ್ಲ. ರಾತ್ರಿಯಿಡೀ ನೆನೆಸಿ, ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿದರೆ ಭಯವಿಲ್ಲ. ಸಣ್ಣ ಉರಿಯಲ್ಲಿ, ಕುದಿ ಬಾರದ ನೀರಿನಲ್ಲಿ ಇಟ್ಟು ಅರೆಬರೆ ಬೇಯಿಸುವುದು ಹಸಿಯದಕ್ಕಿಂತಲೂ ಹೆಚ್ಚು ಅಪಾಯಕಾರಿ. ಹಾಗೆ ಹೇಳಿಕೊಟ್ಟವರಿಗೂ ಇದನ್ನು ದಯವಿಟ್ಟು ತಿಳಿಸಿರಿ.

ಪ್ರಶ್ನೆ: ಮೊಟ್ಟೆಯಿಲ್ಲದ ಮಯೋನೈಸನ್ನು ಮನೆಯಲ್ಲಿ ಮಾಡುವುದು ಹೇಗೆ? ಬರ್ಗರಿಗೆ ಹಾಕುವ ಲೆಟಿಸ್ ಸೊಪ್ಪು ನಮ್ಮಲ್ಲಿ ಸಿಗುವುದಿಲ್ಲ, ಅದರ ಬದಲು ಏನು ಇಡಬಹುದು?
— ಓದುಗರೊಬ್ಬರು, ಕಾಸರಗೋಡು

ಉತ್ತರ: ಹಸಿ ಮೊಟ್ಟೆಯಿಂದ ಮಾಡಿದ ಮಯೋನೈಸನ್ನು ಕೇರಳ ಸರಕಾರ 2023ರ ಜನವರಿಯಲ್ಲಿ ನಿಷೇಧಿಸಿತು. ಹಸಿ ಮೊಟ್ಟೆಯ ಮೂಲಕ ಸಾಲ್ಮೊನೆಲ್ಲಾ ಸೋಂಕು ಬರಬಹುದಾದುದರಿಂದ ಮನೆಯಲ್ಲಿಯೂ ಅದನ್ನು ಬಿಡುವುದೇ ಸರಿ. ಹಾಲಿನಿಂದ ಮಾಡುವುದು ಬಹಳ ಸುಲಭ. ಕಾಯಿಸಿ ಆರಿಸಿ ಫ್ರಿಡ್ಜಿನಲ್ಲಿಟ್ಟು ತಣ್ಣಗಾದ ಹಾಲು ಕಾಲು ಕಪ್, ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ ಅರ್ಧ ಕಪ್, ಚಿಟಿಕೆ ಸಾಸಿವೆ ಪುಡಿ ಮತ್ತು ಉಪ್ಪು, ಇಷ್ಟನ್ನು ಮಿಕ್ಸಿಯ ಸಣ್ಣ ಜಾರಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಹಾಲಿನ ಪ್ರೋಟೀನು ಎಣ್ಣೆಯ ಹನಿಗಳನ್ನು ಬೇರೆ ಬೇರೆಯಾಗಿ ಹಿಡಿದು ಮಿಶ್ರಣ ಗಟ್ಟಿಯಾಗುತ್ತದೆ. ಲಿಂಬೆರಸವನ್ನು ಕೊನೆಗೆ ಸೇರಿಸಬೇಕು. ತೆಂಗಿನೆಣ್ಣೆಯನ್ನು ಇದಕ್ಕೆ ಬಳಸಬಾರದು, ಫ್ರಿಡ್ಜಿನಲ್ಲಿಟ್ಟಾಗ ಹೆಪ್ಪುಗಟ್ಟಿ ಹರಳಾಗುತ್ತದೆ. ಖಾರಕ್ಕೆ ಎರಡು ಗಾಂಧಾರಿ ಮೆಣಸನ್ನು ಅರೆದು ಹಾಕಬಹುದು. ಮಾವಿನಮಿಡಿ ಉಪ್ಪಿನಕಾಯಿಯ ರಸವನ್ನು ಒಂದು ಚಮಚ ಕಲಸಿದರೆ ಅಂಗಡಿಯ ಯಾವ ಸಾಸೂ ಅದಕ್ಕೆ ಸರಿಸಾಟಿಯಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ, ಆದರೆ ಆಗ ಉಪ್ಪನ್ನು ಮೊದಲೇ ಕಡಿಮೆ ಮಾಡಿಕೊಳ್ಳಬೇಕು. ಎರಡು ದಿನದೊಳಗೆ ಮುಗಿಸಿರಿ.

ಲೆಟಿಸ್ ಇಲ್ಲವೆಂದು ಕೊರಗುವುದು ಬೇಡ. ತೋಟದಲ್ಲಿ ಸಿಗುವ ಒಂದೆಲಗದ ಎಳೆಯ ಎಲೆಗಳನ್ನು ಚೆನ್ನಾಗಿ ತೊಳೆದು, ನೀರು ಒರಸಿ ಇಡಬಹುದು. ಮುಳ್ಳುಸೌತೆಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಬಿಟ್ಟ ನೀರನ್ನು ಹಿಂಡಿ ಇಟ್ಟರೆ ಬನ್ನು ಒದ್ದೆಯಾಗುವುದಿಲ್ಲ. ಬನ್ನನ್ನು ಅಡ್ಡಕ್ಕೆ ಸೀಳಿ, ಸೀಳಿದ ಬದಿಗೆ ತುಪ್ಪ ಸವರಿ ಕಾವಲಿಯಲ್ಲಿ ಕೆಂಪಗೆ ಮಾಡಿಕೊಂಡರೆ ಸಾಸು ಒಳಗೆ ಬೇಗ ಇಳಿಯುವುದಿಲ್ಲ.

ಪ್ರಶ್ನೆ: ಇದನ್ನು ಊಟದ ಬದಲಾಗಿ ಮಕ್ಕಳಿಗೆ ಕೊಟ್ಟರೆ ಪೋಷಣೆ ಸಾಕಾಗುತ್ತದೆಯೇ?
— ಓದುಗರೊಬ್ಬರು, ಪೆರ್ಲ

ಉತ್ತರ: ಗುಜ್ಜೆಯಲ್ಲಿ ನಾರು ಇದೆ, ಪ್ರೋಟೀನ್ ಕಡಿಮೆ. ಈ ವಿಧಾನದಲ್ಲಿ ಪ್ರೋಟೀನ್ ಬರುವುದು ಕಡಲೆಯಿಂದ. 150 ಗ್ರಾಂ ಕಡಲೆಯನ್ನು ಆರು ಪ್ಯಾಟಿಗಳಿಗೆ ಹಂಚಿದಾಗ ಒಂದೊಂದರಲ್ಲಿ ಹತ್ತಿರ ಹತ್ತಿರ 5 ಗ್ರಾಂ ಆಗುತ್ತದೆ. ಒಂದು ಹೊತ್ತಿನ ಊಟಕ್ಕೆ ಅದು ಸಾಲದು. ಜೊತೆಗೆ ಒಂದು ಲೋಟ ಮಜ್ಜಿಗೆ ಅಥವಾ ಹಾಲು ಇರಲಿ. ಸಸ್ಯಾಹಾರದಲ್ಲಿ ಬಿ12 ಜೀವಸತ್ವ ಸಿಗುವುದು ಹಾಲು, ಮೊಸರುಗಳಿಂದಲೇ. ಬನ್ನು ಮೈದಾದ್ದಾದುದರಿಂದ ದಿನವೂ ಕೊಡುವ ತಿಂಡಿಯಾಗಿ ಇದನ್ನು ಮಾಡಿಕೊಳ್ಳಬೇಡಿರಿ. ಉಳಿದ ದಿನಗಳಲ್ಲಿ ಅದೇ ಪ್ಯಾಟಿಯನ್ನು ಚಪಾತಿಯೊಳಗೆ ಇಟ್ಟು ಅಥವಾ ಕುಚ್ಚಲಕ್ಕಿ ಗಂಜಿಯ ಬದಿಗೆ ಬಡಿಸಬಹುದು.

ಪ್ರಶ್ನೆ: ಮನೆಯವರೆಲ್ಲ ಸೇರುವ ದಿನಕ್ಕೆ ಹೆಚ್ಚು ಸಂಖ್ಯೆಯಲ್ಲಿ ಮೊದಲೇ ಮಾಡಿಡಬಹುದೇ?
— ಓದುಗರೊಬ್ಬರು, ಉಪ್ಪಳ

ಉತ್ತರ: ಮಾಡಿಡಬಹುದು. ತಟ್ಟಿದ ಹಸಿ ಪ್ಯಾಟಿಗಳನ್ನು ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿ, ನಡುನಡುವೆ ಬಾಡಿಸಿದ ಬಾಳೆಲೆಯ ತುಂಡು ಇಟ್ಟರೆ ಅಂಟಿಕೊಳ್ಳುವುದಿಲ್ಲ. ಬೇಯಿಸುವ ದಿನ ಹೊರಗಿಟ್ಟು ಕರಗಿಸಬೇಡಿರಿ. ಕರಗುವಾಗ ಬಿಡುವ ನೀರಿನಿಂದ ಪ್ಯಾಟಿ ಮೆತ್ತಗಾಗಿ ಮತ್ತೆ ಒಡೆಯುತ್ತದೆ. ಫ್ರೀಜರಿನಿಂದ ತೆಗೆದು ನೇರವಾಗಿ ಕಾವಲಿಗೆ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಒಂದೊಂದು ಬದಿ ಆರೇಳು ನಿಮಿಷ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ಉರಿ ಏರಿಸಿ ಕೆಂಪಗೆ ಮಾಡಿರಿ. ಕರೆಂಟು ದೀರ್ಘಕಾಲ ಹೋಗಿ ಪ್ಯಾಟಿಗಳು ಪೂರ್ತಿ ಕರಗಿದ್ದರೆ ಮತ್ತೆ ಹೆಪ್ಪುಗಟ್ಟಿಸದೆ, ಅವು ಇನ್ನೂ ತಣ್ಣಗಿರುವಾಗಲೇ ಬೇಯಿಸಿ ಅಂದೇ ಮುಗಿಸಬೇಕು. ಬೆಚ್ಚಗಾಗಿದ್ದರೆ ಎಸೆಯಬೇಕು.